ಪಾಸ್ ಎಲ್ಲಿ ತೆಗೆಯುವುದು? ಸ್ಟೇಷನ್ ಇಲ್ಲದ ಊರಿನವಳ ರೈಲು ಚರಿತ್ರೆ

1/7
ಒಂದು ತಪ್ಪು ಒಪ್ಪಿಕೊಂಡೇ ಶುರು ಮಾಡ್ತೇನೆ. ಐದು ತಿಂಗಳಿಂದ ನಾನು ಉಡುಪಿ–ಮಂಗಳೂರು ರೈಲು ಪಾಸನ್ನು ಫೋನಿನಲ್ಲೇ ತೆಗೆಯುತ್ತಿದ್ದೆ, ಅದೂ ಪೂರ್ತಿ ದರ ಕೊಟ್ಟು. ಕ್ಯೂ ಇಲ್ಲ, ಚಿಲ್ಲರೆಯ ರಗಳೆ ಇಲ್ಲ ಅಂತ ಖುಷಿ ಬೇರೆ. ಡಿಗ್ರಿ ಓದುವ ಹುಡುಗಿಗೆ ಮನೆಯಿಂದ ಕಾಲೇಜಿಗೆ ಪುಕ್ಕಟೆ ಪಾಸ್ ಕೊಡುವ ನಿಯಮ ಉಂಟು, ಅದಕ್ಕೆ ಕಾಲೇಜಿನ ಪತ್ರ ಹಿಡಿದು ಕೌಂಟರಿಗೇ ಹೋಗಬೇಕು ಅಂತ ಗೊತ್ತಾದದ್ದು ಕಳೆದ ವಾರ. ಒಟ್ಟು ಎಷ್ಟು ದುಡ್ಡು ಹೋಯ್ತು ಅಂತ ಅಮ್ಮನಿಗೆ ಇನ್ನೂ ಹೇಳಿಲ್ಲ.

ನನ್ನ ಮನೆ ಅಜೆಕಾರು. ಕಾರ್ಕಳದಿಂದ ಹೆಬ್ರಿ ಕಡೆಯ ಬಸ್ಸು ಹತ್ತಿದರೆ ಸಿಗುವ ಊರು. ನಮ್ಮ ಕಾರ್ಕಳ ತಾಲೂಕಿನಲ್ಲಿ ರೈಲು ಸ್ಟೇಷನ್ನೇ ಇಲ್ಲ. ಹಾಗಾಗಿ ವಾರದ ದಿನಗಳಲ್ಲಿ ಇಂದ್ರಾಳಿಯ ದೊಡ್ಡಮ್ಮನ ಮನೆಯಲ್ಲಿದ್ದು ಮಂಗಳೂರಿಗೆ ಹೋಗಿಬರುತ್ತೇನೆ.

ಪಾಸ್ ಎಲ್ಲಿ ತೆಗೆಯಬೇಕು ಅನ್ನುವುದು ಸಣ್ಣ ಪ್ರಶ್ನೆ ಅಂತ ಅಂದುಕೊಂಡಿದ್ದೆ. ಹುಡುಕುತ್ತಾ ಹೋದರೆ ಅದು ನನ್ನನ್ನು ಇಂಗ್ಲೆಂಡಿಗೂ ಬೊಂಬಾಯಿಗೂ ಕರೆದುಕೊಂಡು ಹೋಯ್ತು. ಬನ್ನಿ, ನಿಮ್ಮನ್ನೂ ಕರೆದುಕೊಂಡು ಹೋಗ್ತೇನೆ.

2/7
ಮೊದಲು ಹೆಸರಿನ ವಿಷಯ. ದಿನಾ ಹೋಗುವ ಟಿಕೆಟಿಗೆ "ಸೀಸನ್" ಅಂತ ಯಾಕೆ ಹೆಸರು? ಯಾವ ಸೀಸನ್ನು?

1834ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯಿಂದ ವಿಟ್‌ಸ್ಟೆಬಲ್ ಎಂಬ ಕಡಲೂರಿಗೆ ಹೋಗುವ ರೈಲಿನವರು ಇಂಥ ಟಿಕೆಟನ್ನು ಮೊದಲು ಕೊಟ್ಟರು ಅಂತ ಹೇಳುತ್ತಾರೆ. ಬೇಸಗೆಯಲ್ಲಿ ಜನ ಸಮುದ್ರಸ್ನಾನಕ್ಕೆ ಹೋಗುವ ಹಂಗಾಮು, ಅದೇ ಸೀಸನ್. ಅಂದ್ರೆ ನಾವು ಬೆಳಿಗ್ಗೆ ನಿದ್ದೆಗಣ್ಣಲ್ಲಿ ತೋರಿಸುವ ಟಿಕೆಟಿನ ಮೂಲ ಪಿಕ್‌ನಿಕ್ಕು, ಮಾರಾಯ್ರೆ!

ಅಮೆರಿಕದಲ್ಲಿ ಇದೇ ಟಿಕೆಟಿಗೆ "ಕಮ್ಯುಟೇಷನ್ ಟಿಕೆಟ್" ಅಂದರು. ಬಿಕಾಂನವರೇ, ಈ ಪದ ಎಲ್ಲಿಯೋ ಕೇಳಿದ ಹಾಗೆ ಆಗ್ತದಲ್ವಾ? ಇನ್ಕಮ್ ಟ್ಯಾಕ್ಸ್ ಪೇಪರಿನ "ಕಮ್ಯುಟೆಡ್ ಪೆನ್ಷನ್"! ತಿಂಗಳು ತಿಂಗಳು ಬರಬೇಕಾದ್ದನ್ನು ಒಂದೇ ಇಡಿಗಂಟಾಗಿ ಬದಲಾಯಿಸಿಕೊಳ್ಳುವುದು. ಇಲ್ಲಿಯೂ ಅದೇ: ದಿನದಿನದ ಚಾರ್ಜನ್ನು ಒಂದು ಕಡಿಮೆ ಮೊತ್ತಕ್ಕೆ ಬದಲಾಯಿಸಿದ ಟಿಕೆಟ್. ಅದನ್ನು ಕೊಂಡವರೇ ಕಮ್ಯುಟರ್. ಮೊದಲು ಟಿಕೆಟ್ ಬಂತು, ಮನುಷ್ಯನಿಗೆ ಆ ಹೆಸರು ಆಮೇಲೆ ಬಂತು.

3/7
ಅಜೆಕಾರಿಗೆ ರೈಲು ಬರಲಿಲ್ಲ, ಆದರೆ "ಪಾಸ್" ಎಂಬ ಶಬ್ದ ನಮ್ಮ ಮನೆಗೆ ಹಳತು. ಅದು ಬಂದದ್ದು ಬೊಂಬಾಯಿಯಿಂದ, ಅಜ್ಜನ ಜೊತೆ.

ನಮ್ಮ ಕಡೆಯ ಎಷ್ಟೋ ಮನೆಗಳ ಕಥೆಯೇ ನಮ್ಮದೂ. ಸಣ್ಣ ಪ್ರಾಯದಲ್ಲಿ ಹೋಟೆಲ್ ಕೆಲಸಕ್ಕೆ ಹೋಗುವುದು, ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದುವುದು. ಮಾಟುಂಗ ಸ್ಟೇಷನ್ ಹತ್ತಿರ 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇವತ್ತಿಗೂ ಉಂಟು. ಅಜ್ಜ ಮೊದಲು ಹೋಟೆಲಿನಲ್ಲೇ ಮಲಗುತ್ತಿದ್ದರು, ಆಗ ಪಾಸ್ ಬೇಕಿರಲಿಲ್ಲ. ಗುಮಾಸ್ತನ ಕೆಲಸ ಸಿಕ್ಕಿ ಡೊಂಬಿವಲಿಯಲ್ಲಿ ರೂಮು ಮಾಡಿದ ಮೇಲೆ ಪಾಸ್ ಬಂತು.

ಬೊಂಬಾಯಿಯಲ್ಲಿ ರೈಲು ಆಗಲೇ ಹಳೇ ಸಂಗತಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿ.ಮೀ. ಓಡಿದ್ದು. 1925ರ ಫೆಬ್ರವರಿ 3ರಂದು ವಿ.ಟಿ.ಯಿಂದ ಕುರ್ಲಾಕ್ಕೆ ವಿದ್ಯುತ್ ರೈಲು. ಅಲ್ಲಿ ರೈಲು ದಿನದ ಊಟದಷ್ಟೇ ಮಾಮೂಲು.

"ಎಲ್ಲಿ ತೆಗೆದೆ ಅನ್ನುವುದಕ್ಕಿಂತ ಎಲ್ಲಿಂದ ಎಲ್ಲಿಗೆ ಬರೆಸಿದೆ ಅನ್ನುವುದು ದೊಡ್ಡದು" ಅಂತಾರೆ ಅಜ್ಜ. ಯಾಕಂದ್ರೆ ದಾದರ್ ಒಂದೇ ಹೆಸರು, ಆದರೆ ಸೆಂಟ್ರಲ್ ಬೇರೆ, ವೆಸ್ಟರ್ನ್ ಬೇರೆ. ತಪ್ಪು ಕಡೆಯ ಗಾಡಿ ಹತ್ತಿದರೆ ಪಾಸ್ ಇದ್ದೂ ದಂಡ. ಇನ್ನೊಂದು ಉಪಾಯವೂ ಇತ್ತು: ಡೊಂಬಿವಲಿಯವರು ಪಾಸನ್ನು ಕಲ್ಯಾಣದವರೆಗೆ ತೆಗೆದು, ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಸೀಟು ಹಿಡಿದುಕೊಂಡು ಬರುವುದು. ಸ್ವಲ್ಪ ಹೆಚ್ಚು ದುಡ್ಡು, ಆದರೆ ಕೂತು ಪ್ರಯಾಣ.

4/7
ಈಗ ಊರಿಗೆ ಬರುವ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಬಂದದ್ದು ಎಲ್ಲಿಂದ? ಬೆಂಗಳೂರಿಂದಲೂ ಅಲ್ಲ, ಬೊಂಬಾಯಿಯಿಂದಲೂ ಅಲ್ಲ. ಆಗ ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಾಗಾಗಿ ಮದ್ರಾಸ್ ಕಡೆಯ ಹಳಿ ಮಲಬಾರ್ ದಾಟಿ, ಕಣ್ಣೂರು ಕಾಸರಗೋಡು ಹಾದು ಮಂಗಳೂರಿಗೆ ಬಂದು ನಿಂತಿತು. 1956ರಲ್ಲಿ ರಾಜ್ಯದ ಗಡಿ ಬದಲಾಯಿತು, ಹಳಿಯ ಯಜಮಾನ ಬದಲಾಗಲಿಲ್ಲ. ಇವತ್ತಿಗೂ ಮಂಗಳೂರು ಸೆಂಟ್ರಲ್ ಸ್ಟೇಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದ್ದು.

ಅಲ್ಲಿಂದ ಉತ್ತರಕ್ಕೆ ಉಡುಪಿಗೆ ರೈಲು ಬರಲು ಎಷ್ಟು ವರ್ಷ ಹಿಡಿಯಿತು ಗೊತ್ತಾ? ಮಂಗಳೂರು–ಉಡುಪಿ ಪ್ಯಾಸೆಂಜರ್ ಶುರುವಾದದ್ದು 1993ರ ಮಾರ್ಚ್ 20ರಂದು. ಲೆಕ್ಕ ಹಾಕಿ: 86 ವರ್ಷ! ಅಷ್ಟರೊಳಗೆ ಅಜ್ಜ ಬೊಂಬಾಯಿಯಲ್ಲಿ ಹತ್ತಾರು ವರ್ಷ ಪಾಸ್ ತೆಗೆದು ಮುಗಿಸಿದ್ದರು. ಊರಿಗೆ ಬರುವಾಗ ಮಾತ್ರ ಘಟ್ಟ ಇಳಿಯುವ ಬಸ್ಸು, ಇಲ್ಲವೆ ಪಾಲಕ್ಕಾಡ್ ಸುತ್ತಿ ಬರುವ ರೈಲು.

5/7
ಉಡುಪಿಗೆ ರೈಲು ತಂದದ್ದು ಕೊಂಕಣ ರೈಲ್ವೆ. ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ ಕಂಪನಿ ಹುಟ್ಟಿತು. ಅದನ್ನು ಮುನ್ನಡೆಸಿದವರು ಇ. ಶ್ರೀಧರನ್. ಆಗಿನ ಷೇರು ಹಂಚಿಕೆ ನೋಡಿ: ಕೇಂದ್ರ 51%, ಮಹಾರಾಷ್ಟ್ರ 22%, ಕರ್ನಾಟಕ 15%, ಗೋವಾ ಮತ್ತು ಕೇರಳ ತಲಾ 6%. ಉಳಿದ ದುಡ್ಡಿಗೆ ಬಾಂಡ್. ಸುಮಾರು 2,000 ಸೇತುವೆ, 90ಕ್ಕೂ ಹೆಚ್ಚು ಸುರಂಗ. 1998ರಲ್ಲಿ ಇಡೀ ದಾರಿ ತೆರೆಯಿತು.

ಸಾಲ ಮಾಡಿ ಕಟ್ಟಿದ ಮೇಲೆ ತೀರಿಸಬೇಕಲ್ವಾ? ಅದಕ್ಕೆ ಒಂದು ಉಪಾಯ ಮಾಡಿದರು. ಈ ಹಳಿಯಲ್ಲಿ ಪ್ರಯಾಣಿಕರ ದೂರವನ್ನು 40% ಹಿಗ್ಗಿಸಿ ಚಾರ್ಜು ಹಾಕುವುದು. ನೀವು ಹೋಗುವುದು 40 ಕಿ.ಮೀ., ಲೆಕ್ಕಕ್ಕೆ 56. ಕೊಂಕಣ ರೈಲ್ವೆ ಮಂಗಳೂರು ಬದಿಯಲ್ಲಿ ಮುಗಿಯುವುದು ಸುರತ್ಕಲ್ ದಾಟಿದ ಮೇಲಿನ ತೋಕೂರಿನಲ್ಲಿ. ಅಂದ್ರೆ ತೋಕೂರಿನಿಂದ ಉಡುಪಿ ಕಡೆಗೆ ಹಿಗ್ಗಿದ ಕಿಲೋಮೀಟರು, ಮಂಗಳೂರು ಕಡೆಗೆ ಮಾಮೂಲಿ ಕಿಲೋಮೀಟರು. ನನ್ನ ಒಂದೇ ಪಾಸಿನೊಳಗೆ ಎರಡು ಅಳತೆಕೋಲು.

ಇನ್ನೊಂದು ಮಾತು. ಈ ಹಳಿ ಹಾಕಿದ್ದು ದೂರ ಹೋಗುವವರಿಗಾಗಿ, ಬೊಂಬಾಯಿಯವರು ಊರಿಗೆ ಬೇಗ ಬರಲಿ ಅಂತ. ತಪ್ಪೇನಿಲ್ಲ, ನಮ್ಮ ಮನೆಯೂ ಆ ಖುಷಿ ಉಂಡಿದೆ. ಆದರೆ ದಿನಾ ಕಾಲೇಜಿಗೆ ಹೋಗಿಬರುವವರು ಯಾರ ನಕ್ಷೆಯಲ್ಲೂ ಮೊದಲ ಸಾಲಿನಲ್ಲಿ ಇರಲಿಲ್ಲ. ನಮಗೆ ಸರಿಹೊಂದುವ ರೈಲನ್ನು ನಾವೇ ಹುಡುಕಿಕೊಳ್ಳಬೇಕು.

6/7
ಹಾಗಾದ್ರೆ ಪಾಸ್ ತೆಗೆಯುವ ಮೊದಲು ಎಂತ ನೋಡಬೇಕು? ಇದನ್ನು ಸೇವ್ ಮಾಡಿಡಿ.

ಅವಧಿ: ಮೂರು ತಿಂಗಳಿಗೆ ತಿಂಗಳ ದರದ 2.7 ಪಟ್ಟು, ಆರು ತಿಂಗಳಿಗೆ 5.4, ವರ್ಷಕ್ಕೆ 10.8. ಭಾಗಿಸಿ ನೋಡಿ, ಮೂರರಲ್ಲೂ ತಿಂಗಳಿಗೆ 0.9. ಅಂದ್ರೆ ವರ್ಷದ್ದು ತೆಗೆದರೆ ಮೂರು ತಿಂಗಳದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಉಳಿಯುವುದಿಲ್ಲ. ರಜೆ, ಪರೀಕ್ಷೆ ಇರುವ ನಮಗೆ ಮೂರು ತಿಂಗಳೇ ಸಾಕು.

ಮಳೆಗಾಲ: ಕೊಂಕಣ ರೈಲ್ವೆಗೆ ಮಳೆಗಾಲದ ಬೇರೆ ವೇಳಾಪಟ್ಟಿ ಉಂಟು. 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ರ ತನಕ ಇತ್ತು. ಮೇ ತಿಂಗಳಲ್ಲಿ ಸರಿಯಾಗಿದ್ದ ರೈಲು ಜೂನಿನಲ್ಲಿ ಫಸ್ಟ್ ಅವರ್ ತಪ್ಪಿಸಬಹುದು.

ಎಲ್ಲಿಗೆ: ಕೇರಳಕ್ಕೆ ಹೋಗುವ ಎಷ್ಟೋ ರೈಲುಗಳು ಮಂಗಳೂರು ಜಂಕ್ಷನ್ನಿನಿಂದಲೇ ಹೋಗ್ತವೆ, ಸೆಂಟ್ರಲ್‌ಗೆ ಬರುವುದಿಲ್ಲ. ಅಜ್ಜನ ದಾದರ್ ಪಾಠ ನೆನಪಿರಲಿ.

ಯಾವ ರೈಲು: ಮತ್ಸ್ಯಗಂಧದ ಹಾಗೆ ಸೂಪರ್‌ಫಾಸ್ಟ್ ಆದರೆ ಪಾಸಿನ ಮೇಲೆ ಸರ್ಚಾರ್ಜ್ ಬೇರೆ. ರಿಸರ್ವೇಷನ್ ಬೋಗಿಗೆ ಹತ್ತುವ ಹಾಗಿಲ್ಲ.

ಎಲ್ಲಿ ತೆಗೆಯುವುದು: ಪೂರ್ತಿ ದರದವರಿಗೆ ಫೋನ್ ಸುಲಭ. ಮೊದಲು ಅದಕ್ಕೆ 2014ರ ಕೊನೆಗೆ ಬಂದ ಯುಟಿಎಸ್ ಇತ್ತು, ಈಗ 2025ರ ಜುಲೈ 1ರಂದು ಬಂದ ರೈಲ್‌ಒನ್ ಉಂಟು. ಆದರೆ ವಿದ್ಯಾರ್ಥಿಗಳಿಗೆ ಉತ್ತರ ಒಂದೇ: ಕೌಂಟರ್. ಹುಡುಗರೇ, 25 ವರ್ಷದೊಳಗಿನ ವಿದ್ಯಾರ್ಥಿಗೆ ಅರ್ಧ ದರ. ಅದಕ್ಕೆ ಕಾಲೇಜಿನ ಸರ್ಟಿಫಿಕೇಟು ಬೇಕು.

7/7
ಮತ್ತೆ ನನ್ನ ಕಥೆ. 2008–09ರ ರೈಲ್ವೆ ಬಜೆಟ್ಟಿನಲ್ಲಿ ಲಾಲೂ ಪ್ರಸಾದ್ ಘೋಷಿಸಿದ್ದು ಇದು: ಹುಡುಗಿಯರಿಗೆ ಪದವಿಯ ತನಕ, ಹುಡುಗರಿಗೆ 12ನೇ ತರಗತಿಯ ತನಕ, ಮನೆಯಿಂದ ಕಲಿಯುವ ಜಾಗಕ್ಕೆ ಎರಡನೇ ದರ್ಜೆಯ ತಿಂಗಳ ಪಾಸ್ ಉಚಿತ. ಆಗ ನಾನು ಅಂಗನವಾಡಿಗೂ ಹೋಗುತ್ತಿರಲಿಲ್ಲ. ನನಗಾಗಿ ಇಷ್ಟು ವರ್ಷ ಕಾದು ಕೂತ ನಿಯಮವನ್ನು ನಾನೇ ಕೇಳಲಿಲ್ಲ.

ಆದರೆ "ಮನೆಯಿಂದ" ಅಂತ ಉಂಟಲ್ಲ, ಅಲ್ಲಿ ನನ್ನ ಪೆನ್ನು ನಿಂತಿತು. ಆಧಾರ್ ಕಾರ್ಡಿನಲ್ಲಿ ಮನೆ ಅಜೆಕಾರು. ಅಜೆಕಾರಿಗೆ ಸ್ಟೇಷನ್ ಇಲ್ಲ. ಪಡುಬಿದ್ರಿ, ಇನ್ನಂಜೆಯ ಹುಡುಗಿಗೆ ಮನೆ ಹತ್ತಿರವೇ ಸ್ಟೇಷನ್ ಸಿಗ್ತದೆ. ಕಾರ್ಕಳ, ಹೆಬ್ರಿ ಕಡೆಯ ಹುಡುಗಿ ಮೊದಲು ಬಸ್ಸಿಗೆ ದುಡ್ಡು ಕೊಡಬೇಕು, ಇಲ್ಲವೆ ನನ್ನ ಹಾಗೆ ಸ್ಟೇಷನ್ ಪಕ್ಕದ ದೊಡ್ಡಮ್ಮನನ್ನು ಹೊಂದಿರಬೇಕು. ಎಲ್ಲರಿಗೂ ಅಂಥ ದೊಡ್ಡಮ್ಮ ಇರುವುದಿಲ್ಲ.

ಈಗ ಕಾಲೇಜ್ ಆಫೀಸಿನಿಂದ ಪತ್ರ ಸಿಕ್ಕಿದೆ. ಅದರಲ್ಲಿ ಈಗಿನ ವಾಸ ಇಂದ್ರಾಳಿ ಅಂತ ಬರೆಸಿದ್ದೇನೆ. ದೊಡ್ಡಮ್ಮನ ಕರೆಂಟ್ ಬಿಲ್ಲು, ನನ್ನ ಫೋಟೋ, ಐಡಿ ಕಾರ್ಡು ಎಲ್ಲ ಒಂದು ಫೈಲಿನಲ್ಲಿ ಹಾಕಿ ಇಟ್ಟಾಯ್ತು. ಸೋಮವಾರ ಬೆಳಿಗ್ಗೆ ಕೌಂಟರಿಗೆ ಹೋಗ್ತೇನೆ. ಕೊಟ್ಟರೂ ಹೇಳ್ತೇನೆ, ಕೊಡದಿದ್ದರೆ ಯಾಕೆ ಅಂತಲೂ ಹೇಳ್ತೇನೆ. ಅದು ಆದ ಮೇಲೆ ಅಮ್ಮನಿಗೂ ಹೇಳಬೇಕು.

ನಿಮ್ಮಲ್ಲಿ ಯಾರಾದರೂ ಈ ಪುಕ್ಕಟೆ ಪಾಸ್ ತೆಗೆದದ್ದು ಉಂಟಾ? ಯಾವ ಸ್ಟೇಷನ್ನಿನಿಂದ ಬರೆಸಿದ್ರಿ? ಕಮೆಂಟಿನಲ್ಲಿ ಹೇಳಿ, ಆಯ್ತಾ. ಸೋಮವಾರದ ಮೊದಲು.

#ಅಜೆಕಾರು #ಕಾರ್ಕಳ #ಉಡುಪಿ #ಕೊಂಕಣರೈಲ್ವೆ #ರೈಲುಪಾಸ್ #ಬಿಕಾಂ