ಸೇಂತ್-ಎತಿಯೆನ್ ಫುಟ್‌ಬಾಲ್ ಕ್ಲಬ್

ಫ್ರಾನ್ಸಿನ ಮಧ್ಯ-ಪೂರ್ವ ಭಾಗದ ಸೇಂತ್-ಎತಿಯೆನ್ ನಗರದ ವೃತ್ತಿಪರ ಫುಟ್‌ಬಾಲ್ ಕ್ಲಬ್. ಊರು ಒಂದು ಕಾಲಕ್ಕೆ ಕಲ್ಲಿದ್ದಲು ಗಣಿಗಳದಾಗಿತ್ತು. ಕ್ಲಬ್ಬಿನ ಹುಟ್ಟು ಮಾತ್ರ ದಿನಸಿ ಅಂಗಡಿಯದು. 1919ರಲ್ಲಿ ಕ್ಯಾಸಿನೋ ಎಂಬ ದಿನಸಿ ಮಳಿಗೆಗಳ ನೌಕರರು ಕಟ್ಟಿಕೊಂಡ ಕ್ರೀಡಾ ಸಂಘವೇ ಇದರ ಮೂಲ. ಮಳಿಗೆಯ ಹಸಿರು ಬಣ್ಣವೇ ಆಟಗಾರರ ಅಂಗಿಗೂ ಬಂತು. ಇಂದಿಗೂ ಅವರನ್ನು 'ಹಸಿರಿನವರು' ಎಂದೇ ಕರೆಯುತ್ತಾರೆ. 1931ರಲ್ಲಿ ತೆರೆದ ಕ್ರೀಡಾಂಗಣಕ್ಕೆ ಕ್ಯಾಸಿನೋ ಸ್ಥಾಪಕ ಜೊಫ್ರುವಾ ಗಿಶಾರ್ ಅವರ ಹೆಸರಿದೆ. ಅಭಿಮಾನಿಗಳ ಅಬ್ಬರದಿಂದಾಗಿ ಅದಕ್ಕೆ 'ಕೊಪ್ಪರಿಗೆ' ಎಂಬ ಅಡ್ಡಹೆಸರು. ಕ್ಲಬ್ 1933ರಲ್ಲಿ ವೃತ್ತಿಪರವಾಯಿತು.

1957ರಿಂದ 1981ರವರೆಗೆ ತಂಡ 10 ಬಾರಿ ಫ್ರೆಂಚ್ ಲೀಗ್ ಗೆದ್ದಿತು. ಆದರೂ ಜನರ ನೆನಪಿನಲ್ಲಿ ಅಚ್ಚೊತ್ತಿರುವುದು ಒಂದು ಸೋಲು. 1976ರ ಮೇ 12ರಂದು ಗ್ಲಾಸ್ಗೋದಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ತಂಡದ ಡೊಮಿನಿಕ್ ಬಾತ್‌ನೇ ಒದ್ದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು ಹಿಂದಿರುಗಿತು. ಸ್ವಲ್ಪ ಹೊತ್ತಿಗೆ ಜಾಕ್ ಸಾಂತಿನಿ ತಲೆಯಿಂದ ಹೊಡೆದ ಚೆಂಡಿಗೂ ಅದೇ ಗತಿ. ಅಲ್ಲಿನ ಗೋಲಿನ ಕಂಬ, ಪಟ್ಟಿಗಳು ದುಂಡಗಿರದೆ ಚೌಕವಾಗಿದ್ದವು; ದುಂಡಗಿದ್ದರೆ ಚೆಂಡು ಒಳಹೋಗುತ್ತಿತ್ತು ಎಂಬುದು ಅಭಿಮಾನಿಗಳ ಕೊರಗು. ಎದುರಾಳಿ ಜರ್ಮನಿಯ ಬಯರ್ನ್ ಮ್ಯೂನಿಕ್ 1-0ಯಿಂದ ಗೆದ್ದಿತು. ಸೋತು ಬಂದವರನ್ನು ಪ್ಯಾರಿಸ್ಸಿನ ಜನ ಮರುದಿನ ಬೀದಿಯಲ್ಲಿ ಮೆರವಣಿಗೆ ಮಾಡಿದರು. ಫ್ರೆಂಚ್ ಫುಟ್‌ಬಾಲಿನಲ್ಲಿ ಇಷ್ಟು ಪ್ರೀತಿ ಗಳಿಸಿದ ಸೋಲು ಅಪರೂಪ.

1979ರಲ್ಲಿ ಫ್ರಾನ್ಸಿನ ಹೆಸರಾಂತ ಆಟಗಾರ ಮಿಶೆಲ್ ಪ್ಲಾತಿನಿ ತಂಡ ಸೇರಿದರು. 1982ರಲ್ಲಿ ಕ್ಲಬ್ಬಿನ ಗುಪ್ತ ಹಣದ ಹಗರಣ ಹೊರಬಿದ್ದು ಕ್ಲಬ್ ಕುಸಿಯಿತು. 1984ರಲ್ಲಿ ಎರಡನೇ ದರ್ಜೆಗೆ ಇಳಿಯಿತು. ಆ ಮೇಲೆ ಏಳುಬೀಳುಗಳೇ ಹೆಚ್ಚು. 2013ರಲ್ಲಿ ಲೀಗ್ ಕಪ್ ಗೆದ್ದಿತು. ಗ್ಲಾಸ್ಗೋದ ಆ ಚೌಕ ಕಂಬಗಳು ಈಗ ಕ್ಲಬ್ಬಿನ ವಸ್ತುಸಂಗ್ರಹಾಲಯದಲ್ಲಿವೆ.