ಹೋಗದೆ ಉಳಿದ ದಂಡು



ಬೆಂಗಳೂರಿಗೆ ರೈಲಿನಲ್ಲಿ ಹೋದವರು ‘ಬೆಂಗಳೂರು ದಂಡು’ ಎಂಬ ಹಲಗೆಯನ್ನು ನೋಡಿರುತ್ತೀರಿ. ಹಿರಿಯರ ಬಾಯಲ್ಲಿ ದಂಡು ಎಂದರೆ ಬರುವಂಥದ್ದು, ಹೋಗುವಂಥದ್ದು. ದಂಡು ಬಂತೆಂದರೆ ಜೋಳ ಹಗೇವಿಗೆ, ದನ ಗುಡ್ಡಕ್ಕೆ; ದಂಡು ಹೋಯಿತೆಂದರೆ ಮತ್ತೆ ನೇಗಿಲು. ಅಂಥ ಮಾತು ಒಂದು ನಿಲ್ದಾಣದ ಹೆಸರಾಗಿ ನಿಂತಿದೆ. ಬಂದ ದಂಡು ಹೋಗಲಿಲ್ಲವೆಂದೇ ಅದರ ಅರ್ಥ. ಯಾಕೆ ಹೋಗಲಿಲ್ಲ, ಹೋಗಬೇಕಾಗಿತ್ತೇ, ಉಳಿದದ್ದರ ಖರ್ಚು ಯಾರ ತಲೆಗೆ ಬಿತ್ತು? ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ಕೇಳುಗರು ಸ್ವಲ್ಪ ಗಮನವಿಟ್ಟು ಕೇಳಬೇಕು, ಏಕೆಂದರೆ ಆ ಖರ್ಚಿನ ಲೆಕ್ಕದಲ್ಲಿ ನಿಮ್ಮ ಊರುಗಳೇ ಬರುತ್ತವೆ.

ಕಂಪನಿಯ ಸೇನೆ ಮೈಸೂರಿನ ಮೇಲೆ ಏರಿಬಂದು ಗೆದ್ದದ್ದು ಎರಡು ಸಲ. 1792ರಲ್ಲಿ ಗೆದ್ದಾಗ ಕಾರ್ನ್‌ವಾಲಿಸನು ಟಿಪ್ಪು ಸುಲ್ತಾನನಿಂದ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು, ಇಷ್ಟಕ್ಕೆ ಒಪ್ಪಿ ಶ್ರೀರಂಗಪಟ್ಟಣದಿಂದ ಹಿಂದಿರುಗಿದನು. ಬೆಂಗಳೂರಿನ ಕೋಟೆಯನ್ನೂ ಬಿಟ್ಟುಕೊಟ್ಟನು. ಹಾಗೆ ಬಿಟ್ಟುಹೋದದ್ದು ತಪ್ಪೆಂದು ಗೊಣಗಿದವರಲ್ಲಿ ಥಾಮಸ್ ಮನ್ರೋ ಎಂಬ ತರುಣ ಅಧಿಕಾರಿಯೂ ಒಬ್ಬ. ಈ ಹೆಸರು ನೆನಪಿರಲಿ.

ಎರಡನೆಯ ಸಲ, 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ, ಕಂಪನಿ ಆ ‘ತಪ್ಪು’ ಮಾಡಲಿಲ್ಲ. ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ, ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿ, ರಾಜ್ಯದ ರಕ್ಷಣೆಗೆಂದು ತನ್ನ ಸೇನೆಯನ್ನು ಇಲ್ಲೇ ಇಟ್ಟಿತು. ಅದಕ್ಕೆ ಮೈಸೂರು ಕೊಡಬೇಕಾದದ್ದು ವರ್ಷಕ್ಕೆ 7 ಲಕ್ಷ ವರಹ. ಕೊಡುವುದು ತಪ್ಪಿದರೆ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದೆಂಬ ಷರತ್ತು ಒಪ್ಪಂದದಲ್ಲಿ ಸದ್ದಿಲ್ಲದೆ ಕೂತಿತ್ತು.

ಉಳಿಯಲು ಕಾರಣವೇ ಇರಲಿಲ್ಲ ಎಂದರೆ ಸುಳ್ಳಾದೀತು. ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆಯಾದ ಧೋಂಡಿಯಾ ವಾಘ್ ಚದುರಿದ ಸೈನಿಕರನ್ನು ಕೂಡಿಸಿಕೊಂಡು ತುಂಗಭದ್ರೆಯ ಎರಡೂ ಕಡೆ ನುಗ್ಗುತ್ತಿದ್ದನು. ಅವನನ್ನು ಅಟ್ಟಿ ಕೊಂದದ್ದು ಆರ್ಥರ್ ವೆಲ್ಲೆಸ್ಲಿಯ ಸೇನೆ, 1800ರ ಸೆಪ್ಟೆಂಬರ್ 10ರಂದು. ಅಂದಿನ ಬಯಲುಸೀಮೆಯ ರೈತನನ್ನು ಕೇಳಿದ್ದರೆ, ಸದ್ಯಕ್ಕೆ ಇವರು ಇರಲಿ ಎಂದೇ ಅನ್ನುತ್ತಿದ್ದನೋ ಏನೋ. ಆದರೆ ಅವನನ್ನು ಯಾರೂ ಕೇಳಲಿಲ್ಲ.

ಅದಾಗಿ ಒಂದು ತಿಂಗಳು ಕಳೆದಿತ್ತು, ಅಷ್ಟೇ. ಅಕ್ಟೋಬರ್ 12ರಂದು ಹೈದರಾಬಾದಿನಲ್ಲಿ ಇನ್ನೊಂದು ಒಪ್ಪಂದವಾಯಿತು. 1795ರಲ್ಲಿ ಖರ್ಡಾದಲ್ಲಿ ಮರಾಠರಿಂದ ಸೋತ ನಿಜಾಮರು 1798ರಲ್ಲೇ ಕಂಪನಿಯ ಆರು ಪಟಾಲಂಗಳನ್ನು ವರ್ಷಕ್ಕೆ 24,17,100 ರೂಪಾಯಿ ಕೊಟ್ಟು ಇರಿಸಿಕೊಂಡಿದ್ದರು. ಈಗ ಪಟಾಲಂಗಳು ಎಂಟಾದವು, ಎರಡು ಕುದುರೆ ರೆಜಿಮೆಂಟುಗಳೂ ಸೇರಿದವು. ಹಣದ ಬದಲು ನೆಲವನ್ನೇ ಕೊಡುವುದೆಂದಾಯಿತು. 1792 ಮತ್ತು 1799ರಲ್ಲಿ ಮೈಸೂರಿನಿಂದ ತಮ್ಮ ಪಾಲಿಗೆ ಬಂದ ಸೀಮೆಯನ್ನು ನಿಜಾಮರು ಕಂಪನಿಗೆ ಒಪ್ಪಿಸಿದರು. ಗಡಿ ಹೊಳೆಯ ಗುಂಟ ನೇರವಾಗಿರಲೆಂದು ಕೊಪ್ಪಳ, ಗಜೇಂದ್ರಗಡ ಮೊದಲಾದ ಉತ್ತರ ದಡದ ಸ್ಥಳಗಳನ್ನು ಉಳಿಸಿಕೊಂಡು, ಅದಕ್ಕೆ ಬದಲು ದಕ್ಷಿಣದ ಆದೋನಿಯನ್ನು ಕೊಟ್ಟರು. ತುಂಗಭದ್ರೆ ಗಡಿಯಾಯಿತು. ಎರಡೂ ದಡದಲ್ಲಿ ಬೀಗರಿದ್ದರೇ ಎಂದು ಒಪ್ಪಂದ ಬರೆದವರು ವಿಚಾರಿಸಿರಲಾರರು.

ಹೀಗೆ ದತ್ತಮಂಡಲವಾದ ಬಳ್ಳಾರಿ, ಅನಂತಪುರ, ಕಡಪ ಸೀಮೆಗೆ ಕಲೆಕ್ಟರನಾಗಿ ಬಂದವನು ಅದೇ ಮನ್ರೋ. ಅದಕ್ಕೆ ಮೊದಲು ಕೆನರಾದಲ್ಲಿ ಕೆಲಸ ಮಾಡಿದ್ದವನು. ಕಾಸರಗೋಡಿನ ಹಳೆಯ ಕಂದಾಯದ ಕಡತಗಳೂ ಅವನನ್ನು ಬಲ್ಲವು. ಇಲ್ಲಿ ಸುಮಾರು 80 ಪಾಳೇಗಾರರಿದ್ದರು. ಸೇನೆಯ ಬಲದಿಂದ ಅವರನ್ನು ಅಡಗಿಸಿ, ಹೊಲ ಅಳೆಸಿ, ರೈತನ ಹೆಸರಿಗೇ ಕಂದಾಯ ಕಟ್ಟಿದನು. ಕಂದಾಯ ಹಗುರವಾಗಿರಲಿಲ್ಲ. 1807ರಲ್ಲಿ ಊರಿಗೆ ಹೊರಡುವ ಮೊದಲು ಅದನ್ನು ಇಳಿಸಬೇಕೆಂದು ಅವನೇ ಸರ್ಕಾರಕ್ಕೆ ಶಿಫಾರಸು ಮಾಡಿದನು.

ನನಗೆ ಆಶ್ಚರ್ಯವೆನಿಸುವುದು ಮುಂದಿನ ಸಂಗತಿ. 1817ರಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸನಿಗೆ ಪತ್ರ ಬರೆದ ಮನ್ರೋ, ಈ ಸಹಾಯಕ ಸೇನೆ ಕಾಲಿಟ್ಟ ರಾಜ್ಯಗಳಲ್ಲೆಲ್ಲ ಹಳ್ಳಿಗಳು ಹಾಳುಬೀಳುತ್ತಿವೆ, ಜನ ಕಡಿಮೆಯಾಗುತ್ತಿದ್ದಾರೆ ಎಂದನು. ಅವನ ವಾದ ಸರಳ. ದೊರೆ ಕೆಟ್ಟವನಾದರೆ ದಂಗೆಯ ಭಯವಾದರೂ ಅವನನ್ನು ತಡೆಯುತ್ತಿತ್ತು. ಈಗ ಪರರ ಸೇನೆ ಬಾಗಿಲಲ್ಲಿ ಕಾವಲಿದೆ; ದೊರೆಗೆ ಹೊರಗಿನ ಭಯವೂ ಇಲ್ಲ, ಪ್ರಜೆಯ ಭಯವೂ ಇಲ್ಲ. 1792ರಲ್ಲಿ ಬಿಟ್ಟುಹೋದದ್ದಕ್ಕೆ ಸಿಡುಕಿದವನು 25 ವರ್ಷ ಒಳಗಿದ್ದು ನೋಡಿ ಹೇಳಿದ ಮಾತಿದು. ಹೊರಗಿನ ಟೀಕಾಕಾರ ಹೇಳಿದ್ದರೆ ಇಷ್ಟು ತೂಕ ಬರುತ್ತಿರಲಿಲ್ಲ. ಆದರೂ ಸೇನೆಯನ್ನು ಹಿಂದಕ್ಕೆ ಕರೆಸಿದರೋ? ಇಲ್ಲ. ಧೋಂಡಿಯಾ ಸತ್ತು 17 ವರ್ಷವಾಗಿದ್ದರೂ ಉಳಿಯಲು ಹೊಸ ಕಾರಣ ಸಿಗುತ್ತಲೇ ಇತ್ತು. ಖರ್ಚು ತನ್ನದಲ್ಲದಾಗ ಹೊರಡುವ ಅವಸರ ಯಾರಿಗೆ?

ಮೈಸೂರಿನಲ್ಲಿಯೂ ಇದೇ ಆಯಿತು. 1830ರಲ್ಲಿ ನಗರದ ಕಡೆ ರೈತರು ದಂಗೆಯೆದ್ದಾಗ ಕಂಪನಿಯ ಸೇನೆ ದೊರೆಯ ಪರವಾಗಿ ಅದನ್ನು ಅಡಗಿಸಿತು. ಮರುವರ್ಷವೇ ಬೆಂಟಿಂಕನು ಆ ಹಳೆಯ ಷರತ್ತನ್ನು ತೆಗೆದು, ದೊರೆಯಿಂದ ಆಡಳಿತವನ್ನೇ ಕಿತ್ತುಕೊಂಡನು. 1881ರಲ್ಲಿ ರಾಜ್ಯ ಒಡೆಯರಿಗೆ ಹಿಂದಿರುಗಿತು. ಆದರೆ 1809ರಲ್ಲಿ ಶ್ರೀರಂಗಪಟ್ಟಣದ ಚಳಿಜ್ವರಕ್ಕೆ ಹೆದರಿ ಬೆಂಗಳೂರಿಗೆ ಬಂದಿದ್ದ ದಂಡು ಹೋಗಲಿಲ್ಲ. ಆ ದಂಡಿನ ಪ್ರದೇಶ ಮೈಸೂರಿಗೆ ಮರಳಿ ದೊರೆತದ್ದು 1947ರಲ್ಲಿ.

ಇನ್ನು ಮನ್ರೋ. ಮದರಾಸಿನ ಗವರ್ನರನಾಗಿದ್ದವನು ಸ್ವದೇಶಕ್ಕೆ ಹೊರಡುವ ಮುನ್ನ ದತ್ತಮಂಡಲವನ್ನು ಇನ್ನೊಮ್ಮೆ ನೋಡಬೇಕೆಂದು ಬಂದು, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು. ಅವನ ನೆನಪಿಗೆ ಸರ್ಕಾರ ಅಲ್ಲಿ ಒಂದು ತೋಪು ಬೆಳೆಸಿ, ಮೆಟ್ಟಿಲು ಬಾವಿ ಕಟ್ಟಿಸಿತು. ಆದೋನಿಯಿಂದ ಆ ಊರು ದೂರವೇನಲ್ಲ.