ಮುಪ್ಪಿಗೆ ಹುಡುಕಿದ ಮದ್ದು, ಕೂಸಿಗೆ ಒದಗಿದ್ದು

ಮೆಡಿಕಲ್ ಶಾಪಿನ ಫ್ರಿಜ್‌ನಲ್ಲಿ ಪ್ರೊಬಯೋಟಿಕ್ ಅಂತ ಪುಟ್ಟ ಬಾಟಲಿಗಳನ್ನ ನೋಡಿರ್ತೀರಿ. ಕೂಸಿನಿಂದ ಹಿಡಿದು ಅಜ್ಜಿವರೆಗೆ ಎಲ್ಲರ ಹೊಟ್ಟೆಗೂ ಒಳ್ಳೇದು ಅಂತಾರೆ. ಬಿ.ಕಾಂ ಮಾಡಿರೋ ನನಗೆ ಈ 'ಎಲ್ಲರಿಗೂ' ಅನ್ನೋ ಪದ ಕೇಳಿದ ತಕ್ಷಣ ಮಾರ್ಕೆಟಿಂಗ್ ವಾಸನೆ ಬರುತ್ತೆ. ಅದರ ಜಾಡು ಹಿಡಿದು ಹೋದ್ರೆ ಸಿಗೋದು ಪ್ಯಾರಿಸ್.

1904ರ ಜೂನ್. ಪಾಶ್ಚರ್ ಸಂಸ್ಥೆಯ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಮುಪ್ಪಿನ ಬಗ್ಗೆ ಉಪನ್ಯಾಸ ಕೊಟ್ರು. ಅವರ ವಾದ ಇಷ್ಟು: ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಆಹಾರವನ್ನ ಕೊಳೆಸಿ ವಿಷ ಮಾಡ್ತವೆ, ಆ ವಿಷದಿಂದಲೇ ಮುಪ್ಪು ಬೇಗ ಬರುತ್ತೆ. ಹುಳಿಯಾದ ಹಾಲು ಕೊಳೆಯಲ್ಲ. ಹಾಗಾದ್ರೆ ಅದನ್ನ ಕುಡಿದ್ರೆ ಕರುಳಿನ ಕೊಳೆತವೂ ನಿಲ್ಲಬೇಕಲ್ವಾ? ಸಾಕ್ಷಿಗೆ ಬಲ್ಗೇರಿಯಾದ ರೈತರನ್ನ ತೋರಿಸಿದ್ರು. ಮೊಸರು ತಿಂತಾರೆ, ತುಂಬಾ ವರ್ಷ ಬದುಕ್ತಾರೆ ಅಂತ. 1905ರಲ್ಲಿ ಜಿನೀವಾದಲ್ಲಿ ವೈದ್ಯಕೀಯ ಓದುತ್ತಿದ್ದ ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ ಆ ಮೊಸರಿನ ಬ್ಯಾಕ್ಟೀರಿಯಾವನ್ನ ಗುರುತಿಸಿದ. ಹೆಚ್ಚುಕಮ್ಮಿ ನನ್ನದೇ ವಯಸ್ಸು ಆಗ ಅವನಿಗೆ. ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತೆ, ಬಿಡಿ.

ಮೆಚ್ನಿಕಾಫ್‌ಗೆ 1908ರಲ್ಲಿ ನೊಬೆಲ್ ಬಂತು. ಅದು ರೋಗನಿರೋಧಕ ಶಕ್ತಿಯ ಸಂಶೋಧನೆಗೆ, ಮೊಸರಿಗಲ್ಲ. ಅಂಗಡಿಯವರಿಗೆ ಆ ವ್ಯತ್ಯಾಸ ಯಾಕೆ ಬೇಕು? ಹುಳಿಹಾಲಿನ ಪುಡಿ, ಮಾತ್ರೆ ಎಲ್ಲಾ ಮಾರಾಟಕ್ಕೆ ಬಂದ್ವು. ಲಂಡನ್ನಿನ ಸರ್ಜನ್ ಆರ್ಬತ್‌ನಾಟ್ ಲೇನ್ ಅಂತೂ ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೀತಿದ್ರು! ದಿನಾ ಹುಳಿಹಾಲು ಕುಡೀತಿದ್ದ ಮೆಚ್ನಿಕಾಫ್ 1916ರಲ್ಲಿ, 71ನೇ ವಯಸ್ಸಿಗೆ ತೀರಿಕೊಂಡ್ರು. ಆ ಬಲ್ಗೇರಿಯಾದ ಬ್ಯಾಕ್ಟೀರಿಯಾ ಮನುಷ್ಯನ ಕರುಳಲ್ಲಿ ನೆಲೆಯೂರೋದೇ ಇಲ್ಲ ಅಂತ ಆಮೇಲೆ ಗೊತ್ತಾಯ್ತು.

ಅದೇ ಪಾಶ್ಚರ್ ಸಂಸ್ಥೆಯಲ್ಲಿ ಇನ್ನೊಬ್ಬರಿದ್ರು, ಹೆನ್ರಿ ಟಿಸಿಯೆ. ಅವರು ನೋಡ್ತಿದ್ದದ್ದು ಮುದುಕರನ್ನಲ್ಲ, ಹಸುಗೂಸುಗಳ ಮಲವನ್ನ. ಎದೆಹಾಲು ಕುಡಿಯೋ ಆರೋಗ್ಯವಂತ ಮಕ್ಕಳಲ್ಲಿ ಕವಲೊಡೆದ ಆಕಾರದ ಒಂದು ಬ್ಯಾಕ್ಟೀರಿಯಾ ತುಂಬಿರೋದನ್ನ ಕಂಡ್ರು. ಅದೇ ಬೈಫಿಡೋಬ್ಯಾಕ್ಟೀರಿಯಂ. ಭೇದಿಯಾಗ್ತಿರೋ ಮಕ್ಕಳಿಗೆ ಅದನ್ನೇ ಕೊಡಬಹುದು ಅಂದ್ರು. 1919ರಲ್ಲಿ ಬಾರ್ಸಿಲೋನಾದ ಐಸಾಕ್ ಕರಾಸೋ ಹೊಟ್ಟೆ ಕೆಟ್ಟ ಮಕ್ಕಳಿಗೆ ಅಂತ ಔಷಧಿ ಅಂಗಡಿಯಲ್ಲಿ ಮೊಸರು ಮಾರೋಕೆ ಶುರು ಮಾಡಿದ್ರು. ಮಗ ಡೇನಿಯಲ್‌ನ ಮುದ್ದಿನ ಹೆಸರೇ ಬ್ರ್ಯಾಂಡ್ ಆಯ್ತು: ಡಾನೋನ್.

ಈಗ ನೂರು ವರ್ಷ ಮುಂದಕ್ಕೆ, ನಮ್ಮ ದೇಶಕ್ಕೆ ಬನ್ನಿ. ಒಡಿಶಾದ ಹಳ್ಳಿಗಳಲ್ಲಿ ಹುಟ್ಟಿದ 4,556 ಕೂಸುಗಳ ಅಧ್ಯಯನ 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ನೇತೃತ್ವ ಪಿನಾಕಿ ಪಾಣಿಗ್ರಾಹಿ ಅವರದ್ದು. ಹುಟ್ಟಿದ ಮೊದಲ ದಿನಗಳಲ್ಲೇ, ಏಳು ದಿನ, ಒಂದು ಲ್ಯಾಕ್ಟೊಬ್ಯಾಸಿಲಸ್ ತಳಿ, ಜೊತೆಗೆ ಅದಕ್ಕೆ ಆಹಾರವಾಗೋ ಒಂದು ಸಕ್ಕರೆ. ಉಳಿದ ಕೂಸುಗಳಿಗೆ ಬರೀ ಹುಸಿಮದ್ದು. ಅವರಲ್ಲಿ ಸೆಪ್ಸಿಸ್ ಅಥವಾ ಸಾವು 9 ಪರ್ಸೆಂಟ್, ಪ್ರೊಬಯೋಟಿಕ್ ಪಡೆದವರಲ್ಲಿ 5.4.

ಮೆಚ್ನಿಕಾಫ್‌ಗೆ ಚಿಂತೆ ಇದ್ದದ್ದು ವಯಸ್ಸಾದವರದ್ದು ತಾನೆ? 2013ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬ್ರಿಟನ್‌ನ ಪ್ರಯೋಗವೊಂದು ಬಂತು. 65 ದಾಟಿದ, ಆಂಟಿಬಯೋಟಿಕ್ ತಗೊಳ್ತಿದ್ದ ಸುಮಾರು 2,900 ಒಳರೋಗಿಗಳು. ಪ್ರೊಬಯೋಟಿಕ್ ತಗೊಂಡವರಲ್ಲಿ ಆಂಟಿಬಯೋಟಿಕ್‌ನಿಂದಾಗೋ ಭೇದಿ 10.8 ಪರ್ಸೆಂಟ್, ಹುಸಿಮದ್ದು ತಗೊಂಡವರಲ್ಲಿ 10.4. ಅಂದ್ರೆ ಏನೂ ಉಪಯೋಗ ಆಗಲಿಲ್ಲ.

ಯಾಕೆ ಹೀಗೆ? ಒಂದು ಕಾರಣವನ್ನ ನಾನು ಅರ್ಥ ಮಾಡ್ಕೊಂಡಿರೋದು ಹೀಗೆ. ಕೂಸಿನ ಕರುಳು ಹೊಸ ಲೇಔಟ್ ಇದ್ದಂಗೆ, ಸೈಟುಗಳೆಲ್ಲ ಖಾಲಿ. ಮೊದಲು ಬಂದವರು ಮನೆ ಕಟ್ಟಬಹುದು. ದೊಡ್ಡವರ ಕರುಳು ಹಳೇ ಮಲ್ಲೇಶ್ವರ, ಬಂದವರು ಎರಡು ದಿನ ಸುತ್ತಾಡಿ ಹೋಗ್ತಾರೆ ಅಷ್ಟೇ. ಆದ್ರೂ ಎರಡೂ ಪ್ರಯೋಗಗಳ ತಳಿ ಬೇರೆ, ಕಾಯಿಲೆ ಬೇರೆ. ಪಕ್ಕಪಕ್ಕ ಇಟ್ಟು ಪೂರ್ತಿ ತೀರ್ಪು ಕೊಡೋಕೆ ಬರಲ್ಲ.

ಹಾಗಂತ ಕೂಸಿಗೆ ಅಂಗಡಿಯಿಂದ ತಂದು ಕುಡಿಸಿಬಿಡಬೇಡಿ. ಒಡಿಶಾದಲ್ಲಿ ಆರಿಸಿದ್ದು 2 ಕೆ.ಜಿ.ಗಿಂತ ಕಡಿಮೆ ಇಲ್ಲದ, ಎದೆಹಾಲು ಕುಡೀತಿದ್ದ ಮಕ್ಕಳನ್ನ. 2023ರಲ್ಲಿ ಅಮೆರಿಕದ ಎಫ್‌ಡಿಎ, ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗೆ ಆಸ್ಪತ್ರೆಯಲ್ಲಿ ಕೊಡೋ ಪ್ರೊಬಯೋಟಿಕ್ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅಂಥ ಒಂದು ಶಿಶುವಿನ ರಕ್ತದಲ್ಲಿ ಸೋಂಕು ಹರಡಿ ಜೀವ ಹೋಗಿತ್ತು. ಸೋಂಕು ತಂದಿದ್ದು ಆ ಪ್ರೊಬಯೋಟಿಕ್‌ನಲ್ಲಿದ್ದ ಬ್ಯಾಕ್ಟೀರಿಯಾ. ಅದೂ ಬೈಫಿಡೋಬ್ಯಾಕ್ಟೀರಿಯಂ, ಟಿಸಿಯೆ ಕಂಡ ಅದೇ ಕುಲದ್ದು.